ನಿಂಗಾಜಮ್ಮನ ಮೂರನೇ ಎಚ್ಚರಿಕೆ

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಹಾಡು ಹೇಳಿಸುವುದಿಲ್ಲ, ಜಾತಕವನ್ನೂ ಮೊದಲಿಗೆ ಕೇಳುವುದಿಲ್ಲ. ಹುಡುಗಿಯನ್ನು ಅಡುಗೆಮನೆಯಲ್ಲಿ ನಿಲ್ಲಿಸಿ, ತಾವು ಬೀದಿಬಾಗಿಲಲ್ಲಿ ನಿಂತು, ನಿನ್ನ ಹೆಸರೇನಮ್ಮ ಎಂದು ಕೇಳುತ್ತಾರೆ. ಅವಳ ಉತ್ತರ ಬೀದಿಬಾಗಿಲಿಗೆ ಕೇಳಿಸಿದರೆ ಒಂದೂ ಎಚ್ಚರಿಕೆ ಆಗಿಲ್ಲ ಎಂದು ಅರ್ಥ. ಕೋಣೆಯ ಹೊಸ್ತಿಲು ದಾಟದೆ ಅಲ್ಲೇ ಉಳಿದರೆ ಒಂದಾಗಿದೆ. ಬಾಯಿಗೆ ಕಿವಿ ಹಚ್ಚಿದರೆ ಮಾತ್ರ ಕೇಳಿಸುವುದಾದರೆ ಎರಡು. ಮೂರಾದವರು ಬಾಯಿ ತೆರೆದು ಮುಚ್ಚುವುದು ಕಾಣುತ್ತದೆ, ಅಷ್ಟೆ. ಗಂಡಿನ ಮನೆಗೆ ಹೋದಾಗ ನಮ್ಮವರೂ ಇದೇ ಪರೀಕ್ಷೆ ಮಾಡುತ್ತಾರೆ, ಅದರಲ್ಲಿ ಭೇದವೇನೂ ಇಲ್ಲ.

ಎಚ್ಚರಿಕೆ ಬರುವುದು ಊರಿನ ಗ್ರೂಪಿನಿಂದ. ಅದಕ್ಕೆ 'ಊರ ಕಟ್ಟೆ' ಎಂದು ಹೆಸರು. ನೀರು ಬಿಡುವ ಹೊತ್ತು, ಕರೆಂಟು ಹೋಗುವ ಹೊತ್ತು, ಸತ್ತವರ ಸುದ್ದಿ, ಹೆತ್ತವರ ಸುದ್ದಿ, ಕಳೆದುಹೋದ ಕೋಳಿ, ಸಿಕ್ಕಿದ ಬೀಗದಕೈ, ಎಲ್ಲವೂ ಅಲ್ಲೇ. ಬೇಡವೆಂದು ಬಿಟ್ಟುಹೋದವರೂ ಇದ್ದರು. ನಲ್ಲಿಯಲ್ಲಿ ನೀರು ಬಂದು ಹೋದದ್ದು ತಿಳಿಯದೆ ಕೊಡ ಒಣಗಿದ ಮೇಲೆ ತಲೆ ತಗ್ಗಿಸಿಕೊಂಡು ವಾಪಸು ಬಂದರು. ಗ್ರೂಪಿಗೆ ಕೆಲವು ನಿಯಮಗಳಿವೆ. ಬೈಯಬಾರದು, ಸ್ವಂತ ಪ್ರಚಾರ ಮಾಡಬಾರದು, ಸಾವಿನ ಸುದ್ದಿಯ ಕೆಳಗೆ ಎಮ್ಮೆ ಮಾರಾಟಕ್ಕಿದೆ ಎಂದು ಹಾಕಬಾರದು, ಒಂದೇ ವಿಷಯವನ್ನು ಪದೇ ಪದೇ ಹಾಕಬಾರದು, ಹೀಗೆ. ಯಾರಾದರೂ ತಪ್ಪಿದರೆ ಬೇರೆಯವರು ದೂರು ಒತ್ತಬಹುದು. ಒಂದು ದೂರಿಗೆ ಏನೂ ಆಗುವುದಿಲ್ಲ, ಎರಡಕ್ಕೂ ಆಗುವುದಿಲ್ಲ. ಒಂದೇ ದಿನ ಮೂರು ಬಿದ್ದರೆ ಆ ಸಂಜೆ ದೀಪ ಹಚ್ಚುವ ಹೊತ್ತಿನೊಳಗೆ ಗ್ರೂಪಿನ ಅಡ್ಮಿನ್ ಎಚ್ಚರಿಕೆ ಕಳಿಸಬೇಕು. ಅದು ಹೋಗಿ ಅವರ ಫೋನಿನಲ್ಲಿ ಟಿಣ್ ಎಂದ ಕ್ಷಣಕ್ಕೆ ಧ್ವನಿ ಒಂದು ಮೆಟ್ಟಿಲು ಇಳಿದಿರುತ್ತದೆ. ಇಳಿದದ್ದು ಮತ್ತೆ ಹತ್ತಿದ್ದನ್ನು ಯಾರೂ ಕಂಡಿಲ್ಲ.

ಮೊದಮೊದಲು ಅತ್ತರು, ಆಮೇಲೆ ಒಗ್ಗಿಕೊಂಡರು. ಒಂದಾದ ಅಂಗಡಿಯವರು ಬಾಗಿಲಿಗೆ ಗಂಟೆ ಕಟ್ಟಿದರು. ಒಂದಾದ ತಾಯಂದಿರು ಬೀದಿಯಲ್ಲಾಡುವ ಮಕ್ಕಳನ್ನು ಕರೆಯಲು ತಟ್ಟೆ ಬಡಿಯುತ್ತಾರೆ. ಯಾರ ಮನೆಯ ತಟ್ಟೆ ಯಾವುದೆಂದು ಆ ಮಕ್ಕಳಿಗೆ ಚೆನ್ನಾಗಿ ಗೊತ್ತು. ಎರಡಾದ ಗಂಡಸರ ಮಾತು ಕೇಳಬೇಕಾದರೆ ಹೆಂಗಸರು ಕಿವಿಯ ಮೇಲೆ ಸೆರಗು ಹಾಕಿಕೊಂಡು ಬಗ್ಗುವುದು ನಮ್ಮಲ್ಲಿ ಮರ್ಯಾದೆ. ಊರಿನ ಜನ ಕಟ್ಟೆಯ ಮೇಲೆ ತಲೆಗೆ ತಲೆ ತಾಗಿಸಿಕೊಂಡು ಕೂತಿರುವುದನ್ನು ನೋಡಿ ಹೊರಗಿನವರು ಎಷ್ಟು ಅನ್ಯೋನ್ಯವಾಗಿದ್ದಾರಪ್ಪಾ ಎಂದು ಮೆಚ್ಚಿಕೊಳ್ಳುತ್ತಾರೆ. ಕೂತವರು ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿರುತ್ತಾರೆ ಎಂದು ಅವರಿಗೇನು ಗೊತ್ತು! ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯನ್ನಂತೂ ನಮ್ಮೂರಿನಲ್ಲಿ ಯಾರೂ ಹೇಳುವುದಿಲ್ಲ. ಬಂಗಾರ ಬೇಕಾದಷ್ಟಿದೆ, ಬೆಳ್ಳಿಗೇ ಬರ.

ಆ ಗ್ರೂಪಿಗೆ ಅಡ್ಮಿನ್ ನಾನು. ನನ್ನ ಹೆಸರು ಜಲಜಾಕ್ಷಿ, ಸೀರೆಗೆ ಕುಚ್ಚು ಕಟ್ಟುವುದು ನನ್ನ ಕೆಲಸ. ಅಡ್ಮಿನ್ ಆಗುವಂಥ ಯೋಗ್ಯತೆ ಏನಿತ್ತೆಂದು ಕೇಳಿದರೆ, ಆರಿಸಲು ಸಭೆ ಕೂಡಿದ ದಿನ ನನಗೆ ಜ್ವರ ಬಂದಿತ್ತು. ನಮ್ಮಲ್ಲಿ ಸಭೆಗೆ ಬಾರದವರ ತಲೆಗೇ ಆ ಕೆಲಸ ಕಟ್ಟುವುದು ವಾಡಿಕೆ. ಬಂದವರೆಲ್ಲ ಒಂದೇ ಮನಸ್ಸಿನಿಂದ ಕೈ ಎತ್ತಿದರಂತೆ. ನನಗಿಂತ ಮೊದಲು ಶ್ರೀಕಂಠು ಎಂಬವರಿದ್ದರು, ಮೆದು ಮನಸ್ಸಿನವರು. ಒಬ್ಬ ಬಾಣಂತಿಗೆ ಮೂರು ದೂರು ಬಿದ್ದಾಗ ಎಚ್ಚರಿಕೆ ಕಳಿಸಲು ಕೈ ಬಾರದೆ ಸುಮ್ಮನೆ ಕೂತುಬಿಟ್ಟರು. ಅಡ್ಮಿನ್ ಕಳಿಸದೆ ಉಳಿಸಿದರೆ ಮೂರೂ ದೂರು ಮೂರು ಎಚ್ಚರಿಕೆಯಾಗಿ ಅಡ್ಮಿನ್ ಮೇಲೆಯೇ ಬೀಳುತ್ತವೆ ಎಂದು ಆವತ್ತು ಊರಿಗೆ ಗೊತ್ತಾಯಿತು. ಈಗ ಅವರು ಪಡಿತರದ ಅಂಗಡಿಯಲ್ಲಿ ಬೆರಳು ತೋರಿಸಿ ಅಕ್ಕಿ ಕೇಳುತ್ತಾರೆ. ಆ ಬಾಣಂತಿ ಅವರಿಗೆ ಒಂದು ನಮಸ್ಕಾರವನ್ನೂ ಹೇಳಲಿಲ್ಲ.

ಇನ್ನೊಂದು ದಾರಿಯೂ ಇದೆ. ದೂರು ಒತ್ತಿದವರು ಅದನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ಆದರೆ ಹಾಗೆ ತೆಗೆದುಕೊಂಡದ್ದು ಸುಳ್ಳು ದೂರು ಎನಿಸಿಕೊಂಡು, ಎಚ್ಚರಿಕೆ ದೂರು ಒತ್ತಿದವರಿಗೇ ತಿರುಗುತ್ತದೆ, ಅದನ್ನೂ ಅಡ್ಮಿನ್ ದೀಪದ ಹೊತ್ತಿನೊಳಗೇ ಕಳಿಸಬೇಕು. ಅಲ್ಲಿಯವರೆಗೆ ಅಡ್ಮಿನ್‌ಗೆ ಮಾತ್ರ ಗೊತ್ತಿದ್ದ ಅವರ ಹೆಸರು ಇಡೀ ಗ್ರೂಪಿಗೆ ಕಾಣುತ್ತದೆ. ಆದ್ದರಿಂದ ಆ ದಾರಿಯಲ್ಲಿ ಹುಲ್ಲು ಬೆಳೆದಿತ್ತು.

ದಿನಾ ಕುಚ್ಚು ಕಟ್ಟಿ ಬೆರಳು ನೋಯುತ್ತಿರುವಾಗ ದೂರುಗಳನ್ನು ನೋಡಲು ಕೂರುತ್ತಿದ್ದೆ. ಮದುವೆಯ ಫೋಟೋದ ಕೆಳಗೆ ಆತ್ಮಕ್ಕೆ ಶಾಂತಿ ಸಿಗಲಿ ಎಂದು ಹಾಕಿದವರು, ಅದು ಕೈತಪ್ಪಿನಿಂದ ಆದದ್ದಲ್ಲ ಎಂದು ವಾದಿಸಿದವರು, ಬೆಳಗಿನ ಶುಭಾಶಯಕ್ಕೆ ದಿನವೂ ಅದೇ ಗುಲಾಬಿ ಹೂವು ಹಾಕಿದವರು. ಎಚ್ಚರಿಕೆ ಪಡೆದವರು ಮಾರನೆಯ ದಿನ ನನ್ನ ಬಾಗಿಲಿಗೆ ಬಂದು ಇಳಿದ ಧ್ವನಿಯಲ್ಲಿ ಬೈಯುತ್ತಿದ್ದರು. ಒಂದಾದವರು ಒಳಗೆ ಬಂದು ಕೂತು ಬೈಯುತ್ತಿದ್ದರು, ಎರಡಾದವರಿಗೆ ನಾನೇ ಕಿವಿ ಕೊಡಬೇಕಿತ್ತು. ಬೈಸಿಕೊಳ್ಳಲು ಬಗ್ಗಿ ಬಗ್ಗಿ ಕತ್ತು ಹಿಡಿದುಕೊಂಡಿತ್ತು. ಸಾಕಾಗಿತ್ತು ನನಗೆ, ನಿಜವಾಗಿ ಸಾಕಾಗಿತ್ತು.

ನಿಂಗಾಜಮ್ಮ ನಮ್ಮ ಬೀದಿಯವಳೇ, ನನ್ನ ಮನೆಯಿಂದ ಮೂರನೆಯದು ಅವಳದು. ಅವಳ ಗಂಡ ಪುಟ್ಟಮಾದಯ್ಯ ಬಸ್ ಕಂಡಕ್ಟರ್ ಆಗಿದ್ದವನು. ಅವನು ರೈಟ್ ಎಂದರೆ ಊರಾಚೆಯ ಹುಣಸೆಮರದಲ್ಲಿದ್ದ ಕಾಗೆ ಹಾರುತ್ತಿತ್ತು. ಅಂಥ ಗಂಟಲನ್ನು ಗ್ರೂಪಿನಲ್ಲಿ ಕ್ರಿಕೆಟ್ಟಿನ ವಿಷಯಕ್ಕೆ ಒಮ್ಮೆ, ದೇವಸ್ಥಾನದ ಪ್ರಸಾದದ ವಿಷಯಕ್ಕೆ ಒಮ್ಮೆ ಜಗಳ ತೆಗೆದು ಕಿವಿಯಳತೆಗೆ ಇಳಿಸಿಕೊಂಡಿದ್ದ. ಆಮೇಲೆ ಸಕ್ಕರೆ ಕಾಯಿಲೆ ಅವನ ಕಣ್ಣನ್ನೂ ತೆಗೆದುಕೊಂಡಿತು. ಕಣ್ಣು ಹೋದರೂ ಗತ್ತು ಹೋಗಲಿಲ್ಲ. ಕೋಲು ಹಿಡಿಯುವುದಿಲ್ಲ, ಮುದುಕನ ಹಾಗೆ ಕಾಣುತ್ತದಂತೆ. ಬೀದಿಯಲ್ಲಿ ಹೆಂಡತಿಯ ಕೈ ಹಿಡಿಯುವುದಿಲ್ಲ, ಅವಳಾಗಿಯೇ ಹಿಡಿದರೆ ಕೊಡವಿಬಿಡುತ್ತಾನೆ. ಬಿಳಿ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, ದಿನಾ ಬೆಳಗ್ಗೆ ಬೀದಿಯ ಕೊನೆಯ ಹೋಟೆಲಿಗೆ ಕಾಫಿ ಕುಡಿಯಲು ನಡೆದೇ ಹೋಗಬೇಕು. ಅವನನ್ನು ನಡೆಸುತ್ತಿದ್ದದ್ದು ನಿಂಗಾಜಮ್ಮನ ಧ್ವನಿ.

ಮೊದಲು ಅವಳು ಮನೆಬಾಗಿಲಲ್ಲಿ ನಿಂತೇ ಎಡಕ್ಕೆ, ಬಲಕ್ಕೆ, ಅಲ್ಲಿ ಹಸು ಮಲಗಿದೆ ಎಂದು ಕೂಗಿ ಅವನನ್ನು ಹೋಟೆಲು ಮುಟ್ಟಿಸುತ್ತಿದ್ದಳು. ಅವನು ಕೇಳಿಸದವನ ಹಾಗೆ ಮುಖ ಮಾಡಿಕೊಂಡು ಸರಿಯಾಗಿ ಅವಳು ಹೇಳಿದ ಕಡೆಗೇ ಕಾಲಿಡುತ್ತಿದ್ದ. ಹೋಟೆಲಿಗೆ ಸ್ವಲ್ಪ ಮೊದಲು ಚರಂಡಿಯ ಮೇಲಿನ ಒಂದು ಚಪ್ಪಡಿ ಮುರಿದು ಒಳಗೆ ಬಿತ್ತು. ಆಳು ಇಳಿಯುವಷ್ಟು ಗುಂಡಿ. ನಿಂಗಾಜಮ್ಮ ಅದರ ಫೋಟೋ ತೆಗೆದು, ನನ್ನ ಗಂಡನಿಗೆ ಕಣ್ಣು ಕಾಣದು, ಇಲ್ಲಿ ಬಿದ್ದರೆ ಯಾರು ದಿಕ್ಕು, ಯಾರಾದರೂ ಚಪ್ಪಡಿ ಹಾಕಿಸಿ ಎಂದು ಗ್ರೂಪಿಗೆ ಹಾಕಿದಳು. ಎಲ್ಲರೂ ಕೈ ಮುಗಿಯುವ ಚಿತ್ರ ಒತ್ತಿದರು. ನಮ್ಮೂರಿನವರಿಗೆ ಒಂದು ರೋಗವಿದೆ. ಗ್ರೂಪಿಗೆ ಬಂದ ಮೇಲೆ, ಅದಕ್ಕೆ ಕೈ ಮುಗಿದ ಮೇಲೆ, ಆ ಕೆಲಸ ಆಗಿಹೋಯಿತು ಎಂದೇ ಅವರ ಎಣಿಕೆ. ಆಮೇಲೆ ಯಾರೂ ಅತ್ತ ತಿರುಗಿ ನೋಡುವುದಿಲ್ಲ. ನಾನೂ ಆ ಊರಿನವಳೇ, ನಾನೂ ಕೈ ಮುಗಿದಿದ್ದೆ.

ಮಾರನೆಯ ಬೆಳಗ್ಗೆ ಗುಂಡಿ ಅಲ್ಲೇ ಇತ್ತು, ನಿಂಗಾಜಮ್ಮ ಮತ್ತೆ ಫೋಟೋ ಹಾಕಿದಳು. ಅದರ ಮಾರನೆಯ ದಿನವೂ ಹಾಕಿದಳು. ಒಂದೇ ವಿಷಯ ಪದೇ ಪದೇ ಎಂದು ಮೂರು ದೂರು ಬಂದವು, ನಾನು ಮೊದಲ ಎಚ್ಚರಿಕೆ ಕಳಿಸಿದೆ. ಅವಳ ಧ್ವನಿ ಮನೆಬಾಗಿಲು ದಾಟುವುದು ನಿಂತಿತು. ಅವಳು ಗಂಡನ ಜೊತೆಗೇ ನಡೆಯತೊಡಗಿದಳು, ಫೋಟೋ ನಿಲ್ಲಿಸಲಿಲ್ಲ. ಎರಡನೆಯದನ್ನೂ ನಾನೇ ಕಳಿಸಿದೆ. ಆಗ ಅವಳು ಅವನ ಭುಜಕ್ಕೆ ಭುಜ ತಾಗಿಸಿಕೊಂಡು, ತುದಿಗಾಲಲ್ಲಿ ಏರಿ ಏರಿ ಅವನ ಕಿವಿಗೆ ಎಡ ಬಲ ಹೇಳಿಕೊಂಡು ನಡೆಸಿದಳು. ಇನ್ನು ಸಾಕು ಮಾಡು ತಾಯಿ, ಇನ್ನೊಂದಾದರೆ ಏನೂ ಉಳಿಯೋದಿಲ್ಲ ಎಂದು ಅವಳ ಮನೆಗೇ ಹೋಗಿ ಬೇಡಿಕೊಂಡೆ. ಅವಳು ನನ್ನ ತಲೆಯನ್ನು ಹತ್ತಿರಕ್ಕೆ ಎಳೆದುಕೊಂಡು ಕಿವಿಯಲ್ಲಿ ಹೇಳಿದಳು.

"ನಾನು ಸುಮ್ಮನಾದ್ರೆ ಆ ಗುಂಡಿ ಸುಮ್ನಿರುತ್ತಾ ಜಲಜಮ್ಮ?"

ಎದ್ದು ಬಂದೆ.

ಆಮೇಲೆ ಕೆಲವು ದಿನ ದೂರು ಒಂದು ಬರುವುದು, ಎರಡು ಬರುವುದು, ಅಷ್ಟಕ್ಕೇ ನಿಲ್ಲುವುದು. ಕೊನೆಗೆ ಒಂದು ಬೆಳಗ್ಗೆ ಮೂರು ತುಂಬಿತು. ಒತ್ತಿದವರ ಹೆಸರು ನೋಡಿದೆ. ಮೊದಲನೆಯದು ಹೋಟೆಲಿನ ಪರಮೇಶಿ. ಎರಡನೆಯದು ಮದುವೆಮನೆಗಳಲ್ಲಿ ಸೋಬಾನೆ ಹೇಳುವ ಲಲಿತಾಂಬ. ಮೂರನೆಯ ಹೆಸರು ನೋಡಿ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. ಪುಟ್ಟಮಾದಯ್ಯ. ಹೆಂಡತಿಯ ಮೇಲೆ ಗಂಡನೇ ದೂರು ಒತ್ತಿದ್ದ. ಅವಳ ಧ್ವನಿ ಹೋದರೆ ಅವನು ಹೊಸ್ತಿಲು ದಾಟುವ ಹಾಗಿಲ್ಲ. ಅದು ಅವನಿಗೆ ತಿಳಿಯದ ವಿಷಯವೇ? ಕುಚ್ಚಿನ ದಾರವನ್ನು ಅಲ್ಲೇ ಬಿಟ್ಟು, ಮೂವರಲ್ಲಿ ಒಬ್ಬರಾದರೂ ದೂರು ಹಿಂದಕ್ಕೆ ತೆಗೆದುಕೊಂಡಾರೇನೋ ನೋಡೋಣವೆಂದು ಹೊರಟೆ. ಮೂರನೆಯವನ ಮನೆಯೇ ಹತ್ತಿರವಿದ್ದರೂ ಅಲ್ಲಿಗೆ ಮೊದಲು ಹೋಗಲು ಕಾಲು ಬರಲಿಲ್ಲ.

ಪರಮೇಶಿ ಕಾವಲಿಯ ಮುಂದಿದ್ದ. ಅವನಿಗೆ ಒಂದು ಆಗಿದೆ, ಗಂಟೆ ಬಾರಿಸಿ ದೋಸೆ ಆಯಿತೆಂದು ತಿಳಿಸುತ್ತಾನೆ, ಒಮ್ಮೆ ಬಾರಿಸಿದರೆ ಸಾದಾ, ಎರಡು ಸಲ ಬಾರಿಸಿದರೆ ಮಸಾಲೆ. ನಿಂಗಾಜಮ್ಮನ ಮಾತೆತ್ತಿದ ಕೂಡಲೇ ಗೊತ್ತು ಗೊತ್ತು ಎಂದ. ಜನ ತಟ್ಟೆಗೆ ಕೈ ಹಾಕುವ ಹೊತ್ತಿಗೆ ಸರಿಯಾಗಿ ಫೋನಿನಲ್ಲಿ ಚರಂಡಿ ಬಂದು ಕೂರುತ್ತದೆ, ಅರ್ಧ ಇಡ್ಲಿ ಬಿಟ್ಟು ಎದ್ದುಹೋಗುತ್ತಾರೆ ಎಂಬುದು ಅವನ ಸಂಕಟ. ಆ ಗುಂಡಿ ನಿನ್ನ ಹೋಟೆಲಿನ ಬಾಗಿಲಿಂದ ಕಾಣುತ್ತದಲ್ಲ, ಒಂದು ಚಪ್ಪಡಿ ಎಳೆದು ಹಾಕಿದ್ದರೆ ಫೋಟೋನೇ ಬರುತ್ತಿರಲಿಲ್ಲವಲ್ಲ ಎಂದೆ. ಅವನು ದೋಸೆ ಮಗುಚುತ್ತಾ ನನ್ನ ಮುಖ ನೋಡಿದ. ಆ ಯೋಚನೆ ಅವನಿಗೆ ಬಂದೇ ಇರಲಿಲ್ಲ ಎನ್ನುವುದು ಆ ಮುಖದಲ್ಲೇ ಕಾಣುತ್ತಿತ್ತು. ಆಮೇಲೆ, ಗ್ರೂಪಿಗೆ ಹಾಕಿ ನೋಡೋಣ ಎಂದ. ದೂರು ವಾಪಸು ತೆಗೆದುಕೊಳ್ಳುವ ಮಾತಿಗೆ ತಲೆ ಅಲ್ಲಾಡಿಸಿದ. ತನ್ನದು ಒಂದೇ ತಾನೇ, ಒಂದಕ್ಕೆ ಏನಾಗುತ್ತದೆ ಎಂದು ಒತ್ತಿದೆ, ಇನ್ನಿಬ್ಬರು ಒತ್ತುತ್ತಾರೆಂದು ಯಾರು ಕಂಡಿದ್ದರು ಎಂದ. ಇನ್ನೊಂದು ಇಳಿದರೆ ಗಿರಾಕಿಗಳ ಕಿವಿ ಹುಡುಕಿಕೊಂಡು ಓಡಾಡಬೇಕು, ಕಾವಲಿ ಯಾರು ನೋಡುತ್ತಾರೆ ಎಂದು ನನ್ನನ್ನೇ ಕೇಳಿದ. ಅದೂ ಸುಳ್ಳಲ್ಲ.

ಲಲಿತಾಂಬನವರಿಗೆ ಒಂದೂ ಆಗಿಲ್ಲ. ನಮ್ಮೂರಿನಲ್ಲಿ ಅದು ಮೈಮೇಲೆ ಬಂಗಾರ ಹೇರಿಕೊಂಡ ಹಾಗೆ. ಅವರು ಹಾಡಿದರೆ ಮದುವೆಮನೆ ಎಲ್ಲಿದೆ ಎಂದು ವಿಳಾಸ ಕೇಳಬೇಕಿಲ್ಲ. ನನ್ನನ್ನು ಕೂರಿಸಿ ಮಜ್ಜಿಗೆ ಕೊಟ್ಟರು. ಅವರೂ ಅದೇ ಮಾತು ಹೇಳಿದರು, ನಂದು ಒಂದೇ ಅಲ್ಲವೇ ಎಂದು. ನಿಯಮ ಅಂದಮೇಲೆ ನಿಯಮ, ಇವತ್ತು ಚರಂಡಿ ಬಿಟ್ಟರೆ ನಾಳೆ ಇನ್ನೇನೋ ಹಾಕುತ್ತಾರೆ ಎಂದರು. ಆಮೇಲೆ ಲೋಟ ಕೆಳಗಿಟ್ಟು, ಇನ್ನೊಂದು ವಾರಕ್ಕೆ ಮೊಮ್ಮಗಳ ಮದುವೆ ಇದೆ, ಅವಳಿಗೆ ಆರತಿ ಹಾಡು ನಾನೇ ಹೇಳಬೇಕು ಎಂದು ಮೆಲ್ಲಗೆ ಅಂದರು. ಅಜ್ಜಿಯ ಹಾಡು ಕೋಣೆಯೊಳಗೇ ಉಳಿದರೆ ಆ ಮಗುವಿಗೆ ಏನು ಅನ್ನಿಸಬೇಡ! ಅವರ ಕಣ್ಣಲ್ಲಿ ನೀರಿತ್ತು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಅನ್ನುತ್ತಾರೆ. ಕಡ್ಡಿ ಹಾಕಿದವರನ್ನು ಒಬ್ಬೊಬ್ಬರನ್ನಾಗಿ ಹೋಗಿ ನೋಡಿದರೆ ಯಾರ ಮೇಲೂ ಕೋಪ ಬರುವುದಿಲ್ಲ, ಅದೇ ಕಷ್ಟ.

ಮಧ್ಯಾಹ್ನ ಇಳಿದ ಮೇಲೆ ಪುಟ್ಟಮಾದಯ್ಯನ ಮನೆಗೆ ಹೋದೆ. ಅವನು ಜಗುಲಿಯ ಮೇಲೆ ಒಬ್ಬನೇ ಕೂತಿದ್ದ. ನಿಂಗಾಜಮ್ಮ ನೀರಿನ ಸರದಿಗೆ ಕೊಡ ಇಡಲು ಹೋಗಿದ್ದಳು. ನಾನು ಹೆಸರು ಹೇಳಿದ ಕೂಡಲೇ ಅವನಿಗೆ ಯಾಕೆ ಬಂದೆನೆಂದು ತಿಳಿಯಿತು. ಕಿವಿಯ ಮೇಲೆ ಸೆರಗು ಎಳೆದುಕೊಂಡು ಬಗ್ಗಿದೆ.

"ಮೂರಾಯ್ತಾ?" ಎಂದ.

ಆಯಿತೆಂದೆ. ನಾನೇನೂ ಬೈಯಲಿಲ್ಲ. ಬೈಯುವುದಕ್ಕೂ ಒಂದು ಶಕ್ತಿ ಬೇಕು, ಬೆಳಗಿನಿಂದ ಓಡಾಡಿ ನನ್ನಲ್ಲಿ ಅದು ಉಳಿದಿರಲಿಲ್ಲ. ಆಮೇಲೆ ಅವನೇ ಮಾತು ಶುರುಮಾಡಿದ. ಅವನ ಫೋನು ಗ್ರೂಪಿಗೆ ಬಂದದ್ದನ್ನೆಲ್ಲ ಓದಿ ಹೇಳುತ್ತದೆ, ಅವನು ಬಾಯಲ್ಲಿ ಹೇಳಿದ್ದನ್ನು ಒತ್ತುತ್ತದೆ. ದಿನಾ ಬೆಳಗ್ಗೆ ಎದ್ದ ಕೂಡಲೇ ಆ ಫೋನಿನ ಹೆಣ್ಣುದನಿ ನನ್ನ ಗಂಡನಿಗೆ ಕಣ್ಣು ಕಾಣದು ಎಂದು ಅವನಿಗೇ ಓದಿ ಹೇಳುತ್ತಿತ್ತಂತೆ.

"ನಾನು ಕೂಗಿದ್ರೆ ಇಡೀ ಬಸ್ಸು ಇಳೀತಿತ್ತು ಕಣಮ್ಮ, ಇಡೀ ಬಸ್ಸು ಹತ್ತುತಿತ್ತು. ಈಗ ಹೋಟ್ಲಿಗೆ ಕಾಲಿಟ್ರೆ ಚರಂಡಿ ಮಾದಯ್ಯ ಬಂದ ಅಂತಾರೆ. ಒಂದು ಸಲವಾದ್ರೂ ಬಿದ್ದಿದೀನಾ ನಾನು? ಬೀಳದೇ ಇರೋನ್ನ ಇವಳು ದಿನಾ ಬೀಳಿಸ್ತಾಳೆ."

ಅವಳು ನಡೆಸುತ್ತಿರುವುದರಿಂದಲೇ ನೀನು ಬಿದ್ದಿಲ್ಲ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಹಿಂದಿನ ದಿನ ಫೋಟೋ ಹಾಕಬೇಡವೆಂದು ಅವಳ ಜೊತೆ ಜಗಳವಾಡಿದನಂತೆ. ಅವಳು ಬೆಳಗ್ಗೆ ಮತ್ತೆ ಹಾಕಿದಳಂತೆ. ಸಿಟ್ಟಿನಲ್ಲಿ ಫೋನು ಬಾಯಿಗಿಟ್ಟುಕೊಂಡು ದೂರು ಎಂದನಂತೆ. ತನ್ನದು ಒಂದು ತಾನೇ, ಒಂದರಿಂದ ಏನಾಗುತ್ತದೆ ಎಂದುಕೊಂಡನಂತೆ. ಆ ಮಾತನ್ನು ಅದೇ ದಿನ ಮೂರನೆಯ ಸಲ ಕೇಳಿದೆ.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ದೂರು ವಾಪಸು ತೆಗೆದುಕೋ ಎಂದು ಕೇಳಲಿಲ್ಲ, ಕೇಳಲು ನಾನು ಯಾರು? ತೆಗೆದುಕೊಂಡರೆ ಅವನಿಗೆ ಮೂರಾಗುತ್ತದೆ. ಕಣ್ಣಿಲ್ಲದವನು ಬರೆಯುವ ಹಾಗಿಲ್ಲ, ಬಾಯಿಲ್ಲದವನ ಮಾತನ್ನು ಫೋನೂ ಕೇಳುವುದಿಲ್ಲ. ಬೇರೆಯವರಿಗೆ ಮೂರಾದರೆ ಧ್ವನಿ ಮಾತ್ರ ಹೋಗುತ್ತದೆ, ಇವನಿಗೆ ಎಲ್ಲವೂ ಹೋಗುತ್ತದೆ. ಅವನು ಅದನ್ನು ತಲೆಯಾಡಿಸುತ್ತಾ ಕೇಳಿಸಿಕೊಂಡ, ಹೆದರಿದ ಹಾಗೆ ಕಾಣಲಿಲ್ಲ. ಕೊನೆಗೆ ನನ್ನ ಸೆರಗಿನ ತುದಿ ಹಿಡಿದು ಎಳೆದ.

"ಅವಳಿಗೆ ಗೊತ್ತಾಗುತ್ತಾ?"

"ಹೆಸರು ಎಲ್ಲರಿಗೂ ಬರುತ್ತೆ ಮಾದಯ್ಯ."

ಆಗ ಅವನ ಕೈಯಿಂದ ಸೆರಗು ಜಾರಿತು. ಎಲ್ಲಕ್ಕಿಂತ ಅದೇ ಅವನಿಗೆ ದೊಡ್ಡದಾಗಿತ್ತು.

ಮನೆಗೆ ಬಂದು ಎಚ್ಚರಿಕೆ ಬರೆದೆ. ನಮ್ಮಲ್ಲಿ ಪ್ರತಿ ಸಲವೂ ಅಡ್ಮಿನ್ ಅದನ್ನು ತನ್ನ ಮಾತಿನಲ್ಲೇ ಬರೆಯಬೇಕು, ಹಳೆಯದನ್ನು ಎತ್ತಿ ಹಾಕಿದರೆ ಹೋಗುವುದಿಲ್ಲ. ನಿಂಗಾಜಮ್ಮನವರೇ ಎಂದು ಬರೆದು ಅಲ್ಲೇ ನಿಂತೆ. ಕಳಿಸದೆ ಕೂತರೆ ನನ್ನ ಗಂಟಲು ಹೋಗುತ್ತದೆ. ಶ್ರೀಕಂಠು ಬೆರಳು ತೋರಿಸಿ ಅಕ್ಕಿ ಕೇಳುವುದು ಕಣ್ಣೆದುರಿಗೆ ಬಂತು. ಒಂದು ಗಳಿಗೆ, ಹೋಗಲಿ, ಧ್ವನಿ ಹೋದರೆ ಈ ಕೆಲಸವೂ ಹೋಗುತ್ತದಲ್ಲ, ನೆಮ್ಮದಿಯಾಗಿ ಕುಚ್ಚು ಕಟ್ಟಿಕೊಂಡಿರಬಹುದಲ್ಲ ಎಂದೂ ಅನ್ನಿಸಿತು. ಅಷ್ಟು ದಣಿದಿದ್ದೆ. ಆದರೆ ದಣಿವಿನಿಂದ ತ್ಯಾಗ ಮಾಡಿದರೆ ಅದು ತ್ಯಾಗವೂ ಅಲ್ಲ, ಆಮೇಲೆ ಅದನ್ನು ಹೊರುವ ಶಕ್ತಿಯೂ ಇರುವುದಿಲ್ಲ. ನನಗೆ ನನ್ನ ಧ್ವನಿ ಬೇಕಿತ್ತು, ಇದ್ದದ್ದು ಇದ್ದ ಹಾಗೆ. ಮುಂದಕ್ಕೆ ಬರೆದೆ, ಬರೆದು ಕೈಯಲ್ಲಿ ಹಿಡಿದು ಕೂತೆ. ಎದುರುಮನೆಯವರು ದೀಪಕ್ಕೆ ಎಣ್ಣೆ ಹಾಕುತ್ತಿದ್ದರು.

ಫೋನು ಟಿಣ್ ಎಂದಿತು. ಪುಟ್ಟಮಾದಯ್ಯನವರು ನಿಂಗಾಜಮ್ಮನವರ ಮೇಲಿನ ತಮ್ಮ ದೂರನ್ನು ಹಿಂದಕ್ಕೆ ತೆಗೆದುಕೊಂಡಿದ್ದಾರೆ ಎಂದು ಇಡೀ ಊರಿಗೆ ಬಂದಿತ್ತು. ಅದರ ಹಿಂದೆಯೇ ನನಗೊಬ್ಬಳಿಗೆ ಅವನ ಧ್ವನಿಯಲ್ಲೇ ಒಂದು ಮಾತು ಬಂತು. ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿದೆ.

"ಜಲಜಮ್ಮ, ನನ್ನದನ್ನ ಸ್ವಲ್ಪ ತಡೆದು ಕಳಿಸು. ಅವಳು ನೀರಿಗೆ ಹೋಗವ್ಳೆ, ಇನ್ನೂ ಬಂದಿಲ್ಲ. ಅವಳ ಹತ್ರ ಒಂದು ಮಾತಾಡಬೇಕು."

ತಡೆದೆ. ನಿಂಗಾಜಮ್ಮನಿಗೆ ಬರೆದದ್ದನ್ನು ಅಳಿಸಿ ಅವನಿಗೆ ಬರೆದೆ, ಬರೆದು ಮತ್ತೂ ತಡೆದೆ. ಬೀದಿಗೆ ಬಂದು ನಲ್ಲಿಯ ಕಡೆ ನೋಡಿದೆ. ಬಾ ನಿಂಗಾಜಮ್ಮ, ಬೇಗ ಬಾ ಎಂದು ಕೂಗಿದೆ, ನನ್ನ ಧ್ವನಿ ಇನ್ನೂ ಬೀದಿ ದಾಟುತ್ತದೆ. ಅವಳು ಬರಲಿಲ್ಲ. ಎದುರುಮನೆಯವರು ದೀಪ ಹಚ್ಚಿದರು, ಅವರ ಪಕ್ಕದವರೂ ಹಚ್ಚಿದರು. ಬೀದಿಯಲ್ಲಿ ಹಚ್ಚದೆ ಉಳಿದದ್ದು ನನ್ನ ದೀಪ, ನಿಂಗಾಜಮ್ಮನ ದೀಪ. ಇನ್ನು ತಡೆದರೆ ನನ್ನದು ಹೋಗುತ್ತದೆ ಎನ್ನುವಾಗ ಒತ್ತಿದೆ. ಎರಡು ಮನೆ ಆಚೆಗೆ ಅವನ ಫೋನು ಟಿಣ್ ಎಂದದ್ದು ನನಗೆ ಕೇಳಿಸಿತು.

ಅವಳು ಬಾರದಿದ್ದದ್ದಕ್ಕೆ ಕಾರಣವಿತ್ತು. ನೀರಿನ ಸರದಿಯಲ್ಲಿ ನಿಂತಿದ್ದಾಗಲೇ ಎಲ್ಲರ ಫೋನಿಗೂ ಅವನ ಹೆಸರು ಬಂದಿತ್ತು, ಅವಳದಕ್ಕೂ ಬಂದಿತ್ತು. ಸರದಿಯಲ್ಲಿದ್ದ ಹೆಂಗಸರು ಅವಳ ಮುಖ ನೋಡಲಾಗದೆ ತಮ್ಮ ತಮ್ಮ ಕೊಡದೊಳಗೆ ನೋಡಿದರು. ಅವಳು ತನ್ನ ಸರದಿ ಬಂದು ಹೋದರೂ ನಲ್ಲಿಯ ಕಟ್ಟೆಯ ಮೇಲೆ ಕೂತೇ ಇದ್ದಳಂತೆ. ಕತ್ತಲಾದ ಮೇಲೆ ಖಾಲಿ ಕೊಡ ಹೊತ್ತುಕೊಂಡು ಮನೆಗೆ ಹೋದಳು.

ಆಮೇಲೆ ಅವಳು ಗಂಡನ ಜೊತೆ ಮಾತು ಬಿಟ್ಟಳು. ಅಡುಗೆ ಮಾಡಿದಳು, ತಟ್ಟೆ ಮುಂದಿಟ್ಟಳು, ಅಂಗಿ ಒಗೆದಳು, ಕಿವಿಯ ಹತ್ತಿರಕ್ಕೆ ಮಾತ್ರ ಬಾಯಿ ತರಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಒಬ್ಬನಿಗೆ ಆಡಲು ಧ್ವನಿ ಇಲ್ಲ, ಇನ್ನೊಬ್ಬಳಿಗೆ ಆಡಲು ಮನಸ್ಸಿಲ್ಲ, ಅಂಥ ಜಗಳ ಎಷ್ಟು ಸಲ ಉಂಡು ಮಲಗಿದರೂ ಮುಗಿಯುವುದು ಹೇಗೆ? ಪುಟ್ಟಮಾದಯ್ಯ ಹೋಟೆಲಿಗೆ ಹೋಗುವುದನ್ನು ನಿಲ್ಲಿಸಿದ. ಬೆಳಗ್ಗೆ ಬಿಳಿ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಜಗುಲಿಯ ಮೇಲೆ ಕೂರುತ್ತಿದ್ದ, ಮಧ್ಯಾಹ್ನಕ್ಕೆ ಒಳಗೆ ಹೋಗುತ್ತಿದ್ದ. ಅವಳು ಗ್ರೂಪಿಗೆ ಫೋಟೋ ಹಾಕುವುದನ್ನೂ ನಿಲ್ಲಿಸಿದಳು. ಅದಕ್ಕೆ ಊರಿನವರಿಗೇ ಏನೋ ಕಳೆದುಕೊಂಡ ಹಾಗಾಯಿತು. ಚರಂಡಿ ಫೋಟೋ ಯಾಕೆ ಬಂದಿಲ್ಲ, ಎಲ್ಲ ಕ್ಷೇಮವೇ ಎಂದು ಕೆಲವರು ಗ್ರೂಪಿನಲ್ಲಿ ಕೇಳಿದರು. ಯಾರಾದರೂ ಉತ್ತರ ಕೊಡುತ್ತಾರೆಂದು ನೋಡಿದೆ. ಕೈ ಮುಗಿಯುವ ಚಿತ್ರಗಳು ಬಂದವು.

ನನಗೆ ತಡೆಯಲಾಗಲಿಲ್ಲ. ಗಂಡ ಹೆಂಡತಿಯ ನಡುವೆ ಮೂರನೆಯವರು ಹೋಗಬಾರದು, ಆದರೆ ಅಡ್ಮಿನ್ ಆದಮೇಲೆ ನಾನು ಎಲ್ಲರ ನಡುವೆಯೂ ಹೋಗಿದ್ದೇನೆ. ಒಂದು ಸಂಜೆ ನಿಂಗಾಜಮ್ಮ ಬಾಗಿಲಿಗೆ ನೀರು ಹಾಕುತ್ತಿದ್ದಾಗ ಹತ್ತಿರ ಹೋಗಿ, ಆವತ್ತು ದೀಪದ ಹೊತ್ತಿನಲ್ಲಿ ಅವನು ನನ್ನಲ್ಲಿ ಕೇಳಿಕೊಂಡದ್ದನ್ನು ಹೇಳಿದೆ. ನಿನ್ನ ಜೊತೆ ಒಂದು ಮಾತಾಡಬೇಕು ಎಂದು ಕಾದಿದ್ದ, ನೀನು ಬರಲಿಲ್ಲ, ನನಗೂ ಇನ್ನು ತಡೆಯಲಾಗಲಿಲ್ಲ ಎಂದೆ. ಏನು ಮಾತು ಎಂದು ಅವಳು ಕಣ್ಣಲ್ಲೇ ಕೇಳಿದಳು. ಅದು ನನಗೆ ಹೇಳಿಲ್ಲ ಎಂದೆ. ಅವಳು ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು.

ಮಾರನೆಯ ಬೆಳಗ್ಗೆ ನಾನು ಕಿಟಕಿಯ ಹತ್ತಿರ ದಾರ ಸುತ್ತುತ್ತಾ ಕೂತಿದ್ದೆ. ಪುಟ್ಟಮಾದಯ್ಯ ಜಗುಲಿಯಿಂದ ಎದ್ದು ಬೀದಿಗೆ ಇಳಿದ. ಏನು ತಿಳಿದುಕೊಂಡು ಇಳಿದನೋ, ಜಗುಲಿಯಲ್ಲಿ ಕೂತು ಕೂತು ಅವನಿಗೂ ಸಾಕಾಗಿತ್ತೋ ಏನೋ. ನಾನು ಹಿಡಿದ ಕೆಲಸ ಬಿಟ್ಟು ಹೊರಗೆ ಬಂದೆ. ಅವನ ಹಿಂದೆ, ಕೈಗೆ ಸಿಗದಷ್ಟು ದೂರದಲ್ಲಿ ನಿಂಗಾಜಮ್ಮ ನಡೆಯುತ್ತಿದ್ದಳು. ಅಲ್ಲಿಂದ ಅವಳು ಕೂಗಿಕೊಂಡರೂ ಅವನಿಗೆ ಕೇಳಿಸುವ ಹಾಗಿರಲಿಲ್ಲ. ಬೀದಿಯ ಜನವೆಲ್ಲ ತಮ್ಮ ತಮ್ಮ ಬಾಗಿಲಿಗೆ ಬಂದರು. ಕೂಗಿ ಹೇಳಬಲ್ಲವರು ಅಲ್ಲಿ ನಾಲ್ಕಾರು ಜನ ಇದ್ದೆವು. ಯಾರೂ ಬಾಯಿ ತೆರೆಯಲಿಲ್ಲ, ಅದು ನಮ್ಮದಲ್ಲ ಎಂದು ಎಲ್ಲರಿಗೂ ಒಳಗೇ ಅನ್ನಿಸಿತ್ತು.

ಅವನು ಹೋಟೆಲಿನ ಹತ್ತಿರಕ್ಕೆ ಬಂದ. ಗುಂಡಿಯನ್ನು ಇನ್ನೇನು ಮುಟ್ಟಬೇಕು ಎನ್ನುವಾಗ ನಿಂತುಬಿಟ್ಟ. ಆ ಜಾಗ ಅವನಿಗೆ ಗೊತ್ತಿತ್ತು, ಗೊತ್ತಿಲ್ಲದೆ ಏನು, ದಿನಾ ಓದಿಸಿಕೊಂಡವನು. ದಾಟುವುದು ಎತ್ತ ಕಡೆಯಿಂದ ಎಂದು ಮಾತ್ರ ಗೊತ್ತಿರಲಿಲ್ಲ. ಅವನು ತಿರುಗಿ ನೋಡಲಿಲ್ಲ, ಕೈ ಚಾಚಲಿಲ್ಲ. ತಲೆಯನ್ನು ಒಂದು ಪಕ್ಕಕ್ಕೆ ಸ್ವಲ್ಪ ವಾಲಿಸಿ, ಎಡಗಿವಿಯನ್ನು ಹಿಂದಕ್ಕೆ ಮಾಡಿಕೊಂಡು ನಿಂತ. ಅವಳು ಅಷ್ಟು ದೂರದಲ್ಲಿ ನಿಂತಳು. ದೋಸೆ ಸೀದ ವಾಸನೆ ಬಂತು, ಪರಮೇಶಿಯೂ ಕಾವಲಿ ಬಿಟ್ಟು ಬಾಗಿಲಿಗೆ ಬಂದಿದ್ದ. ಎಷ್ಟು ಹೊತ್ತು ಹಾಗೆ ನಿಂತಿದ್ದರೋ. ಆಮೇಲೆ ನಿಂಗಾಜಮ್ಮ ಬೇಗ ಬೇಗ ಹೆಜ್ಜೆ ಹಾಕಿ ಅವನ ಹತ್ತಿರ ಹೋಗಿ, ತುದಿಗಾಲಲ್ಲಿ ಏರಿ, ಅವನ ಕಿವಿಗೆ ಬಾಯಿ ಹಚ್ಚಿದಳು. ಬಹಳ ಹೊತ್ತು ಹೇಳಿದಳು, ಎಡ ಬಲ ಹೇಳಲು ಅಷ್ಟು ಹೊತ್ತು ಬೇಕಾಗಿರಲಿಲ್ಲ. ಅವನು ಕಲ್ಲಿನ ಹಾಗೆ ನಿಂತು ಕೇಳಿಸಿಕೊಂಡ. ಒಂದೆರಡು ಸಲ ಬಾಯಿ ತೆರೆದ, ಮುಚ್ಚಿದ. ಆಮೇಲೆ ಬಲಕ್ಕೆ ಸರಿದು, ಗುಂಡಿಯನ್ನು ಬಳಸಿ, ಹೋಟೆಲಿನ ಮೆಟ್ಟಿಲು ಹತ್ತಿದ.

ಆವತ್ತು ಮಧ್ಯಾಹ್ನ ಪರಮೇಶಿ ತನ್ನ ಹಿತ್ತಿಲಲ್ಲಿ ಬಟ್ಟೆ ಒಗೆಯಲು ಹಾಕಿದ್ದ ಕಲ್ಲನ್ನು ಇಬ್ಬರ ಕೈಯಲ್ಲಿ ಹೊರಿಸಿ ತಂದು ಗುಂಡಿಯ ಮೇಲೆ ಹಾಕಿದ. ಹಾಕಿ, ಅದರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಗ್ರೂಪಿಗೆ ಹಾಕಿದ. ಸಂಜೆಯ ಹೊತ್ತಿಗೆ ಅದರ ಮೇಲೆ ಸ್ವಂತ ಪ್ರಚಾರ ಎಂದು ಎರಡು ದೂರು ಬಂದಿದ್ದವು. ನಾನು ಫೋನನ್ನು ದಾರದ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದೆ.

ಅದೇ ಹೊತ್ತಿಗೆ ನಿಂಗಾಜಮ್ಮ ಬಂದಳು. ಎಂದೂ ಬಾರದವಳು ಬಂದು ನನ್ನ ಪಕ್ಕದಲ್ಲಿ ಚಾಪೆಯ ಮೇಲೆ ಕೂತಳು. ಬೈಯಲು ಬಂದಳೇನೋ ಎಂದು ನಾನು ಅಭ್ಯಾಸಬಲದಿಂದ ಕತ್ತು ಬಗ್ಗಿಸಿದೆ. ಅವಳು ದಾರದ ಉಂಡೆಯೊಂದನ್ನು ಎತ್ತಿಕೊಂಡು ಸುತ್ತತೊಡಗಿದಳು. ಅವನಿಗೆ ಬೆಳಗ್ಗೆ ಅಷ್ಟೊತ್ತು ಏನು ಹೇಳಿದೆ ಎಂದು ನಾನೇ ಕೇಳಿದೆ. ಅವಳು ನನ್ನ ಭುಜ ಹಿಡಿದುಕೊಂಡು ಕಿವಿಯ ಹತ್ತಿರ ಬಂದಳು. ಅವಳ ಉಸಿರು ಬಿಸಿಯಾಗಿತ್ತು.

"ಬೈದೆ ಕಣೇ ಜಲಜಿ. ಬಾಯಿಗೆ ಬಂದ ಹಾಗೆ ಬೈದೆ. ನಲವತ್ತು ವರ್ಷ ಒಂದಕ್ಕೆ ಎರಡು ತಿರುಗಿ ಅಂತಿದ್ದೋನು, ಇವತ್ತು ಏನೂ ಅನ್ನಲಿಲ್ಲ. ಅನ್ನಲಿ ಅಂತ ಇನ್ನೂ ಬೈದೆ."